ಮಾತು ಬಂದರೆ ಯೋಚನೆ ಬಂದಂತೆಯೇ?

ಸಂಪಾದಕರಿಗೆ,

ಮಾನ್ಯರೇ,

ಕಂಪ್ಯೂಟರ್ ನಿಜವಾಗಿ ಮನುಷ್ಯರಂತೆ ಯೋಚಿಸಬಲ್ಲದೇ ಎಂದು ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನೂ, ಅದಕ್ಕೆ ಬಂದ ಓದುಗರ ಪತ್ರಗಳನ್ನೂ ಬಿಡದೆ ಓದಿದೆ. ಇಷ್ಟು ಚೆನ್ನಾಗಿ ಮಾತಾಡುವ ಯಂತ್ರ ಯೋಚಿಸುತ್ತಿಲ್ಲ ಎನ್ನುವುದು ಬರೀ ಹಟ ಎಂದು ಲೇಖಕರು ಬರೆದಿದ್ದಾರೆ. ಪತ್ರ ಬರೆದವರಲ್ಲಿ ಕೆಲವರು ಅದಕ್ಕೆ ಹೌದೆಂದರು. ಉಳಿದವರು ಯಂತ್ರದ ಮಾತಿನಲ್ಲಿ ತಪ್ಪು ಹುಡುಕಿ, ನೋಡಿ, ಇದಕ್ಕೆ ಯೋಚನೆ ಇಲ್ಲ ಎಂದರು. ಎರಡೂ ಕಡೆಯವರ ಕೈಯಲ್ಲಿರುವುದು ಒಂದೇ ಅಳತೆಗೋಲು: ಮಾತು. ನನ್ನ ತಕರಾರು ಆ ಅಳತೆಗೋಲಿನ ಮೇಲೆ.

ನಾನು ಸ್ಪೀಚ್ ಥೆರಪಿಸ್ಟ್. ಲಕ್ವ ಹೊಡೆದು ಮಾತು ಕಳೆದುಕೊಂಡವರ ಜೊತೆ ನನ್ನ ಕೆಲಸ. ಈ ತೊಂದರೆಗೆ ಅಫೇಸಿಯ ಎಂದು ಹೆಸರು. ನಾಲಿಗೆ, ಗಂಟಲು ಚೆನ್ನಾಗಿಯೇ ಇರಬಹುದು. ಮಿದುಳಿನಲ್ಲಿ ಮಾತು ಕಟ್ಟುವ ಭಾಗಕ್ಕೆ, ಹೆಚ್ಚಿನವರಲ್ಲಿ ಅದು ಎಡಗಡೆ ಇರುತ್ತದೆ, ಹೆಚ್ಚಾಗಿ ರಕ್ತ ನಿಂತು ಪೆಟ್ಟು ಬಿದ್ದಿರುತ್ತದೆ. ಕೆಲವರಿಗೆ ಹೇಳಲು ಆಗುವುದಿಲ್ಲ. ಕೆಲವರಿಗೆ ಬೇರೆಯವರು ಹೇಳಿದ್ದು ತಲೆಗೆ ಹೋಗುವುದಿಲ್ಲ. ಎಷ್ಟೋ ಜನರಿಗೆ ಓದು ಬರಹವೂ ಕೈಬಿಡುತ್ತದೆ. ಹಾಗಾದರೆ ಯೋಚನೆಯೂ ಹೋಗುತ್ತದೆಯೇ? ಮನೆಯವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಲೇಖಕರು ಯಂತ್ರದ ಬಗ್ಗೆ ಕೇಳಿದ ಪ್ರಶ್ನೆಯನ್ನು ನಾವು ಮನುಷ್ಯರ ಬಗ್ಗೆ ದಿನಾ ಕೇಳುತ್ತೇವೆ. ಹಾಗಾಗಿ ಈ ಚರ್ಚೆಗೆ ನನ್ನದೂ ಒಂದಿಷ್ಟು ಸೇರಿಸಬೇಕು ಅನ್ನಿಸಿತು.

ಒಬ್ಬರ ವಿಷಯ ಹೇಳುತ್ತೇನೆ. ಅವರ ಮುಂದೆ ಮೇಜಿನ ಮೇಲೆ ಮೂರು ಪೆನ್ಸಿಲ್ ಇಟ್ಟು, ಎಷ್ಟಿವೆ ಎಂದು ಕೇಳಿದೆ. ಬಾಯಿ ತೆರೆದರು. ಏನೂ ಬರಲಿಲ್ಲ. ಕಣ್ಣು ಪೆನ್ಸಿಲ್ ಮೇಲೆ, ಕೈ ಮೇಜಿನ ಅಂಚಿನ ಮೇಲೆ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಅವರು ಸಣ್ಣ ದನಿಯಲ್ಲಿ "ಒಂದು, ಎರಡು, ಮೂರು" ಎಂದರು. "ಮೂರು" ಎಂದವರು ಅಲ್ಲೇ ನಿಂತು ಬೆರಳಿನಿಂದ ಮೇಜನ್ನು ತಟ್ಟಿದರು. ಒಂದರಿಂದ ಹತ್ತರವರೆಗೆ ಎಣಿಸಲು ಅವರಿಗೆ ಯಾವ ಕಷ್ಟವೂ ಇಲ್ಲ, ಸಲೀಸಾಗಿ ಹೇಳುತ್ತಾರೆ. ವಾರದ ಹೆಸರುಗಳೂ ಅಷ್ಟೇ. ಆದರೆ "ಮೂರು" ಎಂಬ ಪದವನ್ನು ಬೇಕೆಂದಾಗ ಒಂದನ್ನೇ ಹೊರಗೆ ತರಲು ಆಗುವುದಿಲ್ಲ. ಅದಕ್ಕೆ ಎಣಿಕೆಯ ಸಾಲನ್ನು ಹಿಡಿದು, ಬೇಕಾದ ಕಡೆ ಬಂದಾಗ ಇಳಿದುಬಿಡುತ್ತಾರೆ.

ಇಲ್ಲಿ ಯೋಚನೆ ಯಾವುದು? "ಒಂದು, ಎರಡು, ಮೂರು" ಎಂಬ ಸಾಲು ತಾನೇ ಉರುಳುವಂಥದ್ದು. ಅದಕ್ಕೆ ಯಾವ ಯೋಚನೆಯೂ ಬೇಕಿಲ್ಲ. ಮೂರಕ್ಕೆ ನಿಂತರಲ್ಲ, ಅದೇ ಯೋಚನೆ. ಸಂಖ್ಯೆ ಅವರಿಗೆ ಮೊದಲೇ ಗೊತ್ತಿತ್ತು. ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ಹೇಗೆ ತಿಳಿಯುತ್ತಿತ್ತು? ಕಿವಿಗೆ ಬಿದ್ದದ್ದು ಉರು ಹೊಡೆದ ಸಾಲು, ತಿಳಿವಳಿಕೆ ಕಂಡದ್ದು ಅವರು ಮೌನವಾದ ಜಾಗದಲ್ಲಿ.

ತಾನಾಗಿ ಉರುಳುವ ಮಾತು ಬೇರೆ, ಹೊಸದಾಗಿ ಕಟ್ಟುವ ಮಾತು ಬೇರೆ ಎಂದು 19ನೇ ಶತಮಾನದಲ್ಲೇ ಇಂಗ್ಲೆಂಡಿನ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಬರೆದಿಟ್ಟಿದ್ದಾರೆ. ಒಂದು ವಾಕ್ಯ ಕಟ್ಟಲಾಗದವರು ಬೈಗುಳವನ್ನು ಸ್ಪಷ್ಟವಾಗಿ ಆಡಿಬಿಡುತ್ತಾರೆ. ಹಾಡಿನ ಸಾಲನ್ನು ಪದ ತಪ್ಪದೆ ಹಾಡುತ್ತಾರೆ. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀನಿ" ಎನ್ನುತ್ತಾರೆ, ಆ ಹೊತ್ತಿಗೆ ತಲೆ ಸಿಡಿಯುತ್ತಿದ್ದರೂ. ಇದನ್ನು ಕೇಳಿ ಮನೆಯವರು "ಮಾತು ಬಂತು" ಎಂದು ಖುಷಿಪಡುತ್ತಾರೆ. ಇದು ಇನ್ನೂ ಆ ಮಾತಲ್ಲ ಎಂದು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಕಡಿಮೆ.

ಈಗ ಲೇಖನದ ವಿಷಯಕ್ಕೆ ಬರುತ್ತೇನೆ. ಚರ್ಚೆ 1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 'ಮೈಂಡ್' ಎಂಬ ತತ್ವಶಾಸ್ತ್ರ ಪತ್ರಿಕೆಗೆ ಬರೆದ ಪ್ರಬಂಧದಿಂದ ಶುರುವಾಯಿತು ಎಂದು ಲೇಖಕರು ಹೇಳಿದ್ದಾರೆ. ಮಾತಿನ ಅಳತೆ ಅದಕ್ಕಿಂತ ತುಂಬಾ ಹಳೆಯದು. 1637ರಲ್ಲೇ ಫ್ರಾನ್ಸಿನ ದಾರ್ಶನಿಕ ಡೆಕಾರ್ಟ್, ಯಂತ್ರವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಎದುರಿನವರ ಮಾತಿನ ಅರ್ಥಕ್ಕೆ ತಕ್ಕಂತೆ ಪದಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಉತ್ತರ ಕೊಡಲು ಅದಕ್ಕೆ ಆಗದು, ಅದನ್ನು ಎಂಥ ಮಂದಬುದ್ಧಿಯ ಮನುಷ್ಯನೂ ಮಾಡುತ್ತಾನೆ ಎಂದು ಬರೆದಿದ್ದ. ಕಿವಿ ಕೇಳದೆ ಮಾತು ಬಾರದವರು ಕೂಡ ತಮ್ಮದೇ ಸನ್ನೆ ಹುಟ್ಟಿಸಿಕೊಳ್ಳುತ್ತಾರೆ ಎಂದೂ ಸೇರಿಸಿದ್ದ. ಅಂದರೆ ಬಾಯಿಂದ ಬರದಿದ್ದರೂ ಪರವಾಗಿಲ್ಲ, ಹೇಗಾದರೂ ಭಾಷೆ ಬರಬೇಕು. ಭಾಷೆ ಬಂದರೆ ಮನಸ್ಸಿದೆ, ಬರದಿದ್ದರೆ ಇಲ್ಲ. ಸುಮಾರು ನಾಲ್ಕು ಶತಮಾನದಿಂದ ನಾವು ಈ ಒಂದೇ ದಾರಿಯಲ್ಲಿ ನಡೆಯುತ್ತಿದ್ದೇವೆ.

ಟ್ಯೂರಿಂಗ್ ಬಗ್ಗೆ ನನಗೆ ಗೌರವ ಇದೆ. ಅವರು ನಮ್ಮಲ್ಲಿ ಹಲವರಿಗಿಂತ ಜಾಸ್ತಿ ಎಚ್ಚರ ವಹಿಸಿದ್ದರು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆ ಚರ್ಚೆಗೆ ಯೋಗ್ಯವಲ್ಲದಷ್ಟು ಅರ್ಥಹೀನ ಎಂದು ಅದನ್ನು ಬದಿಗಿಟ್ಟು, ಅದರ ಜಾಗದಲ್ಲಿ ಒಂದು ಆಟ ಇಟ್ಟರು. ಪರೀಕ್ಷೆ ಮಾಡುವವರು ಒಂದು ಕೋಣೆಯಲ್ಲಿ, ಯಂತ್ರವೂ ಮನುಷ್ಯನೂ ಬೇರೆ ಕಡೆ, ಮಧ್ಯೆ ಟೈಪ್ ಮಾಡಿದ ಪ್ರಶ್ನೋತ್ತರ ಅಷ್ಟೇ. ಯಾರು ಯಾರೆಂದು ಗುರುತು ಹಿಡಿಯಲಾಗದಿದ್ದರೆ ಯಂತ್ರ ಗೆದ್ದಂತೆ. ಯಂತ್ರ ಮಾಡುವುದು ಯೋಚನೆಯೇ ಆಗಿದ್ದೂ ಮನುಷ್ಯರ ಯೋಚನೆಗಿಂತ ತುಂಬಾ ಬೇರೆಯಾಗಿದ್ದರೆ ಏನು ಗತಿ ಎಂದೂ ಅವರೇ ಕೇಳಿಕೊಂಡಿದ್ದಾರೆ. ಇದು ಬಹಳ ಗಟ್ಟಿಯಾದ ಆಕ್ಷೇಪ ಎಂದು ಒಪ್ಪಿದ್ದಾರೆ. ಅಂದರೆ ಆಟದಲ್ಲಿ ಸೋತವರಿಗೆ ಯೋಚನೆ ಇಲ್ಲ ಎಂದು ಟ್ಯೂರಿಂಗ್ ಎಲ್ಲೂ ಹೇಳಿಲ್ಲ. ಹಾಗೆಂದು ಓದಿಕೊಂಡದ್ದು ನಾವು.

ಅದೇ ಪ್ರಬಂಧದಲ್ಲಿ ಒಂದು ಸಣ್ಣ ಸಂಭಾಷಣೆ ಇದೆ. ಒಂದು ಸಾನೆಟ್ ಬರೆದುಕೊಡು ಎಂದರೆ, ಕವಿತೆ ನನ್ನಿಂದ ಆಗದು, ನನ್ನನ್ನು ಬಿಟ್ಟುಬಿಡಿ ಎಂಬ ಉತ್ತರ. 34957ಕ್ಕೆ 70764 ಕೂಡಿಸು ಎಂದರೆ, ಸುಮಾರು 30 ಸೆಕೆಂಡ್ ಬಿಟ್ಟು 105621 ಎಂಬ ಉತ್ತರ. ಕೂಡಿಸಿ ನೋಡಿ. ಸರಿಯಾದದ್ದು 105721. ನೂರು ಕಡಿಮೆ ಬಂದಿದೆ. ಆಟ ಗೆಲ್ಲಬೇಕಾದ ಯಂತ್ರ ಬೇಕೆಂದೇ ಲೆಕ್ಕ ತಪ್ಪಬೇಕಾಗುತ್ತದೆ ಎಂದು ಅವರು ಮುಂದೆ ಬರೆದಿದ್ದಾರೆ. ಮನುಷ್ಯನೆಂದು ತೋರಿಸಿಕೊಳ್ಳಲು ಗೊತ್ತಿರುವ ಲೆಕ್ಕವನ್ನೂ ಬಚ್ಚಿಡಬೇಕು! ಈ ಆಟ ಅಳೆಯುವುದು ಯೋಚನೆಯನ್ನೋ, ಮನುಷ್ಯರಂತೆ ಕೇಳಿಸುವ ಚಾತುರ್ಯವನ್ನೋ ಎಂಬ ಅನುಮಾನ ನನಗೆ ಇಲ್ಲಿಂದಲೇ ಹುಟ್ಟುತ್ತದೆ.

ಇದೇ ಲೆಕ್ಕವನ್ನು ನನ್ನ ಮೇಜಿನ ಮುಂದೆ ಕೂರುವವರ ಮುಂದಿಡಿ. 2005ರಲ್ಲಿ ರೋಸ್‌ಮರಿ ವಾರ್ಲಿ ಎಂಬ ಸಂಶೋಧಕಿ ಮತ್ತು ಜೊತೆಯವರು ಇಂಥದ್ದೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಎಡ ಮಿದುಳಿಗೆ ದೊಡ್ಡ ಪೆಟ್ಟು ಬಿದ್ದ ಮೂವರು. ಅವರಿಗೆ ವಾಕ್ಯದ ವ್ಯಾಕರಣ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಯಾರು ಯಾರಿಗೆ ಹೊಡೆದರು ಎಂಬಂಥ ವಾಕ್ಯದಲ್ಲಿ ಹೊಡೆದವರು ಯಾರು, ಪೆಟ್ಟು ತಿಂದವರು ಯಾರು ಎಂದು ಹೇಳುವುದು ಅವರಿಗೆ ಕಷ್ಟ. ಆದರೆ ಅಂಕಿಗಳಲ್ಲಿ ಬರೆದುಕೊಟ್ಟಾಗ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂತು. ಕಳೆಯುವಾಗ ಯಾವ ಸಂಖ್ಯೆ ಮೊದಲು ಬರುತ್ತದೆ ಎನ್ನುವುದು ಮುಖ್ಯ ಎಂದು ಗೊತ್ತಿತ್ತು. ಆವರಣ ಚಿಹ್ನೆ ಇರುವ ಲೆಕ್ಕವನ್ನೂ ಬಿಡಿಸಿದರು. ವಾಕ್ಯದಲ್ಲಿ ಹಿಂದುಮುಂದು ಗೊತ್ತಾಗದವರಿಗೆ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಆಮೇಲಿನ ಸಂಶೋಧನೆಗಳು ಇದನ್ನು ಇನ್ನೂ ಗಟ್ಟಿ ಮಾಡಿವೆ. ಮಾತು ಪೂರಾ ಹೋದವರೂ ತರ್ಕದ ಒಗಟು ಬಿಡಿಸಬಲ್ಲರು, ದಾರಿ ಹುಡುಕಬಲ್ಲರು, ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಬಲ್ಲರು ಎಂದು 2016ರಲ್ಲಿ ವಾರ್ಲಿ ಮತ್ತು ನರವಿಜ್ಞಾನಿ ಎವೆಲಿನಾ ಫೆಡೊರೆಂಕೊ ಬರೆದರು. ಭಾಷೆ ಇರುವುದು ಮುಖ್ಯವಾಗಿ ಒಬ್ಬರಿಂದ ಒಬ್ಬರಿಗೆ ವಿಷಯ ದಾಟಿಸಲು, ಯೋಚನೆ ಅದಿಲ್ಲದೆಯೂ ನಡೆಯುತ್ತದೆ ಎಂದು ಫೆಡೊರೆಂಕೊ ಮತ್ತು ಇನ್ನಿಬ್ಬರು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾದಿಸಿದರು. ಇದನ್ನು ಒಪ್ಪದ ವಿದ್ವಾಂಸರು ಇದ್ದಾರೆ. ನಾನು ದಿನಾ ಕಾಣುವುದಕ್ಕೆ ಮಾತ್ರ ಇದು ಸರಿಯಾಗಿ ಹೊಂದುತ್ತದೆ.

ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. ವಿಸ್ಸಾರಿಯನ್ ಶೆಬಾಲಿನ್, ರಷ್ಯಾದ ಸಂಗೀತ ಸಂಯೋಜಕ. 1953ರಲ್ಲಿ ಒಮ್ಮೆ, 1959ರಲ್ಲಿ ಮತ್ತೊಮ್ಮೆ ಲಕ್ವ ಹೊಡೆಯಿತು. ಮಾತು ತೀರಾ ಹದಗೆಟ್ಟಿತು. ಆಡುವುದೂ ಕಷ್ಟ, ಬೇರೆಯವರ ಮಾತು ತಿಳಿಯುವುದೂ ಕಷ್ಟ. ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಮತ್ತು ಸಂಗಡಿಗರು ಅದನ್ನೆಲ್ಲ 1965ರಲ್ಲಿ ಬರೆದಿದ್ದಾರೆ. ಆ ಸ್ಥಿತಿಯಲ್ಲೇ ಶೆಬಾಲಿನ್ ಸಂಗೀತ ಬರೆಯುತ್ತಾ ಹೋದರು. 1962ರಲ್ಲಿ ಐದನೇ ಸಿಂಫನಿ ಮುಗಿಸಿದರು. ಮರುವರ್ಷ ತೀರಿಕೊಂಡರು. ಶೊಸ್ತಕೊವಿಚ್ ಅಂಥ ದೊಡ್ಡ ಸಂಯೋಜಕರು ಆ ಕೃತಿಯನ್ನು ಮೆಚ್ಚಿ ಹೊಗಳಿದ್ದಾರೆ.

ಟ್ಯೂರಿಂಗ್ ತಮ್ಮ ಪ್ರಬಂಧದಲ್ಲಿ ಎದುರಿಸಿದ ಆಕ್ಷೇಪಗಳಲ್ಲಿ ಒಂದು ಜೆಫ್ರಿ ಜೆಫರ್ಸನ್ ಅವರದು. ಅವರು ಮಿದುಳಿನ ಶಸ್ತ್ರವೈದ್ಯರು. ತನಗಾದ ಯೋಚನೆ, ಭಾವನೆಗಳಿಂದ ಯಂತ್ರ ಒಂದು ಸಾನೆಟ್ ಬರೆಯುವವರೆಗೆ, ಸಂಗೀತ ಕೃತಿಯೊಂದನ್ನು ರಚಿಸುವವರೆಗೆ, ಚಿಹ್ನೆಗಳು ಹೇಗೋ ಬಿದ್ದು ಜೋಡಣೆಯಾಗುವುದು ಸಾಲದು, ಯಂತ್ರವೂ ಮಿದುಳೂ ಒಂದೇ ಎಂದು ಒಪ್ಪಲಾಗದು ಎಂದು 1949ರ ಉಪನ್ಯಾಸದಲ್ಲಿ ಅವರು ಹೇಳಿದ್ದರು. ಈಗ ಶೆಬಾಲಿನ್ ಅವರನ್ನು ಟ್ಯೂರಿಂಗ್ ಆಟದಲ್ಲಿ ಕೂರಿಸಿ. ಟೈಪ್ ಮಾಡಿದ ಪ್ರಶ್ನೆಗೆ ಟೈಪ್ ಮಾಡಿದ ಉತ್ತರ. ಹೆಚ್ಚು ಹೊತ್ತು ಬೇಡ, ಮೊದಲ ಪ್ರಶ್ನೆಗೇ ಸೋಲುತ್ತಾರೆ. ಜೆಫರ್ಸನ್ ಕೇಳಿದ ಸಂಗೀತ ಮಾತ್ರ ಅವರೊಳಗೆ ನಡೆದೇ ಇರುತ್ತದೆ.

ಇನ್ನೊಂದು ತುದಿಯನ್ನು ನೋಡಿ. 1966ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಜೋಸೆಫ್ ವೈಝೆನ್‌ಬಾಮ್ 'ಎಲೈಝಾ' ಎಂಬ ಪ್ರೋಗ್ರಾಂ ಪ್ರಕಟಿಸಿದರು. ಅದು ಮನೋವೈದ್ಯರ ಧಾಟಿಯಲ್ಲಿ ಮಾತಾಡುತ್ತಿತ್ತು. ಒಳಗೆ ಇದ್ದದ್ದು ಇಷ್ಟೇ: ನಿಮ್ಮ ವಾಕ್ಯದಲ್ಲಿ ಗುರುತಿನ ಪದ ಹುಡುಕು, 'ನನ್ನ' ಎಂದಿದ್ದರೆ 'ನಿಮ್ಮ' ಮಾಡು, ತಿರುಗಿಸಿ ಪ್ರಶ್ನೆ ಕೇಳು. ತಾಯಿ ಎಂಬ ಪದ ಬಂದರೆ, ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಎನ್ನು. ಅದನ್ನು ಅವರು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಒಂದು ದಿನ ಅದರ ಜೊತೆ ಮಾತು ಶುರು ಮಾಡಿ, ಸ್ವಲ್ಪ ಹೊತ್ತಿಗೆ, ನೀವು ಹೊರಗೆ ಹೋಗ್ತೀರಾ ಎಂದು ವೈಝೆನ್‌ಬಾಮ್ ಅವರನ್ನೇ ಕೇಳಿದರಂತೆ. ವೈಝೆನ್‌ಬಾಮ್ ಅವರಿಗೆ ಆದ ಗಾಬರಿ ದೊಡ್ಡದು. 1976ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದು ಎಚ್ಚರಿಸಿದರು.

2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಭಾಗದ ಇಬ್ಬರು ಸಂಶೋಧಕರು ಟ್ಯೂರಿಂಗ್ ಹೇಳಿದ ರೀತಿಯಲ್ಲೇ, ಮೂವರ ಆಟವನ್ನು, ಐದು ನಿಮಿಷದಂತೆ ನಡೆಸಿದರು. ಜಿಪಿಟಿ 4.5 ಎಂಬ ಮಾತಿನ ಯಂತ್ರಕ್ಕೆ ಇಂಥ ಸ್ವಭಾವದ ವ್ಯಕ್ತಿಯಂತೆ ನಟಿಸು ಎಂದು ಸೂಚನೆ ಕೊಟ್ಟಾಗ ಶೇಕಡಾ 73ರಷ್ಟು ಸಲ ಜನ ಅದನ್ನೇ ಮನುಷ್ಯ ಎಂದು ಆರಿಸಿದರು. ನಿಮ್ಮ ಲೇಖಕರು ಎತ್ತಿ ಹಿಡಿದದ್ದು ಈ ಅಂಕಿಯನ್ನೇ. ಅದೇ ಪಟ್ಟಿಯಲ್ಲಿ ಇನ್ನೆರಡು ಅಂಕಿಗಳಿವೆ. ಆ ಹಳೇ ಎಲೈಝಾಗೆ ಶೇಕಡಾ 23. ನಟನೆಯ ಸೂಚನೆ ಇಲ್ಲದ ಜಿಪಿಟಿ 4ಒ ಎಂಬ ಇನ್ನೊಂದು ಮಾತಿನ ಯಂತ್ರಕ್ಕೆ ಶೇಕಡಾ 21. ಗುರುತಿನ ಪದ ಹುಡುಕುವ 1966ರ ಪ್ರೋಗ್ರಾಂ, ಅದಕ್ಕಿಂತ ಎಷ್ಟೋ ಪಾಲು ಶಕ್ತಿಯ ಯಂತ್ರದ ಪಕ್ಕದಲ್ಲೇ ನಿಂತಿದೆ. ಈ ಆಟದಿಂದ ಯೋಚನೆಯನ್ನು ಅಳೆಯಬಹುದಾಗಿದ್ದರೆ ಹೀಗಾಗುತ್ತಿತ್ತೇ? ನಟಿಸು ಎಂಬ ಒಂದು ಸೂಚನೆ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂದರೆ ಅಳೆದದ್ದು ಬಹುಪಾಲು ನಟನೆಯನ್ನೇ ಅಲ್ವಾ?

ಇವತ್ತಿನ ಮಾತಿನ ಯಂತ್ರ ಎಲೈಝಾ ಅಲ್ಲ, ಅದನ್ನು ಒಪ್ಪುತ್ತೇನೆ. 2017ರ ನಂತರ ಬಂದ ವಿಧಾನದಲ್ಲಿ, ಅಗಾಧ ಬರಹವನ್ನು ತುಂಡು ತುಂಡು ಮಾಡಿ, ಇಲ್ಲಿಯವರೆಗಿನ ತುಂಡುಗಳನ್ನು ನೋಡಿ ಮುಂದಿನದನ್ನು ಊಹಿಸಲು ಯಂತ್ರವನ್ನು ಪಳಗಿಸುತ್ತಾರೆ. ಊಹೆ ತಪ್ಪಿದಾಗಲೆಲ್ಲ ಒಳಗಿನ ಕೋಟ್ಯಂತರ ಅಂಕಿಗಳನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾರೆ. ಇದರಿಂದ ಬರೀ ವ್ಯಾಕರಣ ಮಾತ್ರ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆ ಬರಹವೆಲ್ಲ ಯೋಚಿಸುವ ಜನ ಬರೆದದ್ದು. ಅವರ ಯೋಚನೆಯ ಜಾಡು ಬರಹದಲ್ಲಿ ಉಳಿದಿರುತ್ತದೆ. ಜಾಡು ಹಿಡಿದು ಹೋದವರು ಎಷ್ಟೋ ಸಲ ಸರಿಯಾದ ಊರನ್ನೇ ಮುಟ್ಟುತ್ತಾರೆ. ಅದರಿಂದಲೇ ನಮಗೆ ಇಷ್ಟು ಗೊಂದಲ.

ನಾನೂ ಅಭ್ಯಾಸದ ಹಾಳೆಗಳನ್ನು ತಯಾರಿಸಲು ಇಂಥ ಒಂದು ಯಂತ್ರವನ್ನು ಬಳಸುತ್ತೇನೆ. ಚಿತ್ರಕ್ಕೆ ಹೊಂದುವ ಪದಗಳು, ಸಣ್ಣ ಸಣ್ಣ ವಾಕ್ಯಗಳು, ಇವನ್ನು ಚೆನ್ನಾಗಿ ಕೊಡುತ್ತದೆ. ಒಮ್ಮೆ ಒಂದು ಪ್ರಯೋಗ ಮಾಡಿದೆ. ಅಫೇಸಿಯದಲ್ಲಿ ಇನ್ನೊಂದು ಬಗೆ ಇದೆ. 1874ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ್ದು. ಇದರಲ್ಲಿ ಮಾತು ನಿಲ್ಲುವುದಿಲ್ಲ, ಸರಾಗವಾಗಿ ಹರಿಯುತ್ತದೆ. ಏರಿಳಿತ, ವಾಕ್ಯದ ಲಯ ಎಲ್ಲ ಇರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಮಧ್ಯೆ ಯಾವ ಭಾಷೆಯಲ್ಲೂ ಇಲ್ಲದ ಪದಗಳು ಬರುತ್ತವೆ. ಆ ಧಾಟಿಯಲ್ಲಿ ನಾನೇ ಒಂದು ವಾಕ್ಯ ಬರೆದೆ: "ಅದನ್ನ ಅಲ್ಲಿಂದ ತಗೊಂಡು ಇಟ್ಟರೆ ಗಳಿಮೆ ಬರುತ್ತಲ್ಲ, ಆಮೇಲೆ ಮೊನ್ನೆಯದು ಸೀದಾ ಆಗಿಬಿಡುತ್ತೆ." ಇದರ ಅರ್ಥವೇನು ಎಂದು ಯಂತ್ರವನ್ನು ಕೇಳಿದೆ. ಅದು ಹಿಂಜರಿಯಲಿಲ್ಲ. 'ಗಳಿಮೆ' ಎಂದರೆ ಗಳಿಕೆ, ಲಾಭ. ಹಣ ಎತ್ತಿಟ್ಟರೆ ಲಾಭ ಬರುತ್ತದೆ, ಹಳೆಯ ಸಾಲ ತೀರುತ್ತದೆ ಎಂದು ಹೇಳುವವರ ಇಂಗಿತ ಎಂದು ಅಚ್ಚುಕಟ್ಟಾಗಿ ವಿವರಿಸಿತು.

ಇಂಥ ಮಾತು ಎದುರಿಗೆ ಬಂದಾಗ ನಮ್ಮ ಕೆಲಸ ಬೇರೆ ರೀತಿ ನಡೆಯುತ್ತದೆ. ಪದಗಳನ್ನು ಬಿಟ್ಟು ಮನುಷ್ಯರನ್ನು ನೋಡುತ್ತೇವೆ. ಕಣ್ಣು ಎಲ್ಲಿ ಹೋಗುತ್ತಿದೆ, ಕೈ ಯಾವ ಕಡೆ ಎತ್ತುತ್ತಾರೆ, ಮುಖ ಸಿಂಡರಿಸಿದ್ದಾರಾ. ಕಿಟಕಿಯ ಬೆಳಕು ಕಣ್ಣಿಗೆ ಬೀಳುತ್ತಿದೆ, ಪರದೆ ಎಳೆಯಿರಿ ಎಂದು ಹೇಳಲು ಒಬ್ಬರು ಇಂಥದ್ದೇ ಉದ್ದದ ವಾಕ್ಯ ಆಡಿದ್ದುಂಟು. ಪರದೆ ಎಳೆದ ಕೂಡಲೇ ಭುಜ ಇಳಿಬಿಟ್ಟು ಉಸಿರು ಬಿಟ್ಟರು. ಅವರ ವಾಕ್ಯದಲ್ಲಿ ಬೆಳಕೂ ಇರಲಿಲ್ಲ, ಪರದೆಯೂ ಇರಲಿಲ್ಲ. ಆದರೆ ಅವರಿಗೆ ಏನು ಬೇಕೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಸರಾಗ ಮಾತಿನ ಹಿಂದೆ ಅದೇ ಅರ್ಥ ಇರಬೇಕೆಂದಿಲ್ಲ. ಅರ್ಥವಿಲ್ಲದ ಮಾತಿನ ಹಿಂದೆ ಯೋಚನೆ ಇರಬಾರದೆಂದೂ ಇಲ್ಲ.

ಪತ್ರ ಬರೆದ ಒಬ್ಬರು ಅಮೆರಿಕದ ದಾರ್ಶನಿಕ ಜಾನ್ ಸರ್ಲ್ ಅವರ ಚೀನಿ ಕೋಣೆಯನ್ನು ಎತ್ತಿದ್ದಾರೆ. 1980ರ ಆ ವಾದವನ್ನು ಬಹಳ ಜನ ಬಲ್ಲರು. ಚೀನಿ ಭಾಷೆ ಒಂದಕ್ಷರ ಬಾರದ ಮನುಷ್ಯ ಕೋಣೆಯಲ್ಲಿ ಕೂತಿದ್ದಾನೆ. ಬಾಗಿಲ ಸಂದಿಯಿಂದ ಚೀನಿ ಚೀಟಿ ಬರುತ್ತದೆ. ಈ ಗುರುತು ಕಂಡರೆ ಆ ಗುರುತು ಬರೆ ಎಂಬ ನಿಯಮದ ಪುಸ್ತಕ ಅವನ ಬಳಿ ಇದೆ. ಅದನ್ನು ನೋಡಿ ಉತ್ತರ ಬರೆದು ಹೊರಗೆ ತಳ್ಳುತ್ತಾನೆ. ಹೊರಗಿನವರಿಗೆ ಒಳಗೆ ಚೀನಿ ಬಲ್ಲವರಿದ್ದಾರೆ ಅನ್ನಿಸುತ್ತದೆ. ಅವನಿಗೆ ಒಂದು ಪದವೂ ಗೊತ್ತಿಲ್ಲ. ಕಂಪ್ಯೂಟರೂ ಹೀಗೆ, ಗುರುತು ಸರಿಸುತ್ತದೆ, ಅರ್ಥ ತಿಳಿಯದು ಎಂಬುದು ಸರ್ಲ್ ತೀರ್ಮಾನ. ಅವನಿಗೆ ತಿಳಿಯದಿದ್ದರೇನು, ಅವನೂ ಪುಸ್ತಕವೂ ಕೋಣೆಯೂ ಸೇರಿದ ಇಡೀ ವ್ಯವಸ್ಥೆಗೆ ತಿಳಿಯುತ್ತದೆ ಎಂದು ಎದುರಾಳಿಗಳು ಹೇಳಿದರು. ಹಾಗಾದರೆ ಅವನು ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿಕೊಳ್ಳಲಿ, ಆಗಲೂ ಅವನಿಗೆ ಚೀನಿ ಬರುವುದಿಲ್ಲ ಎಂದು ಸರ್ಲ್ ಉತ್ತರಿಸಿದರು. ಈ ಜಗಳ ಇನ್ನೂ ಮುಗಿದಿಲ್ಲ.

ನಾನು ಕೆಲಸ ಮಾಡುವುದು ಅದೇ ಕೋಣೆಯ ತಿರುವುಮುರುವಿನಲ್ಲಿ. ಒಳಗೆ ಇರುವವರಿಗೆ ಎಲ್ಲ ಗೊತ್ತು. ಮಗಳ ಮುಖ ನೋಡಿದ ಕೂಡಲೇ ಅವಳು ಅತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಬ್ಯಾಂಕಿನ ಕಾಗದದಲ್ಲಿ ಅಂಕಿ ತಪ್ಪಿದ್ದರೆ ಬೆರಳಿಟ್ಟು ತೋರಿಸುತ್ತಾರೆ. ಆದರೆ ಬಾಗಿಲ ಸಂದಿಯಿಂದ ಒಂದು ಚೀಟಿಯೂ ಹೊರಗೆ ಬರುವುದಿಲ್ಲ. ಸರ್ಲ್ ಕೋಣೆಯಲ್ಲಿ ಉತ್ತರಗಳಿವೆ, ತಿಳಿವಳಿಕೆ ಇಲ್ಲ. ಈ ಕೋಣೆಯಲ್ಲಿ ತಿಳಿವಳಿಕೆ ಇದೆ, ಉತ್ತರಗಳಿಲ್ಲ. ಸರ್ಲ್ ಅವರದು ಊಹೆಯ ಕೋಣೆ. ಇದು ಊಹೆಯದಲ್ಲ, ಎಷ್ಟೋ ಮನೆಗಳಲ್ಲಿ ಇವತ್ತು ಇದೆ. ದಾರ್ಶನಿಕರು ಇದರ ಕಡೆಗೂ ಸ್ವಲ್ಪ ತಿರುಗಿ ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ಯಂತ್ರ ಯೋಚಿಸುವುದೇ ಇಲ್ಲ ಎನ್ನುತ್ತೀರಾ ಎಂದು ಲೇಖಕರು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಯೋಚನೆಗೆ ಹತ್ತಿರದ್ದೇನಾದರೂ ಯಂತ್ರದಲ್ಲಿ ನಡೆದಿದೆಯೇ ಎಂದು ಕೇಳಿದರೆ ನಾನು ಬೆರಳು ಮಾಡುವುದು ಒಂದು ಮಾತೂ ಆಡದ ಯಂತ್ರದ ಕಡೆಗೆ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಕೊರಿಯಾದ ಆಟಗಾರ ಲೀ ಸೆಡಾಲ್ ನಡುವೆ ಗೋ ಎಂಬ ಮಣೆಯಾಟದ ಪಂದ್ಯ ನಡೆಯಿತು. ಎರಡನೇ ಆಟದ 37ನೇ ನಡೆಯನ್ನು ನೋಡಿ ಬಲ್ಲವರೆಲ್ಲ ದಂಗಾದರು. ಮನುಷ್ಯರು ಅಲ್ಲಿ ಕಾಯಿ ಇಡುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು ಎಂದು ಆ ಯಂತ್ರದ ಲೆಕ್ಕವೇ ಹೇಳಿತ್ತು. ಆದರೂ ಅಲ್ಲೇ ಇಟ್ಟಿತು, ಆ ಆಟ ಗೆದ್ದಿತು. ನಾಲ್ಕನೇ ಆಟದಲ್ಲಿ ಲೀ ಇಟ್ಟ 78ನೇ ನಡೆ ಅದಕ್ಕೆ ಸಾಟಿಯಾದದ್ದು, ಅದನ್ನು ಅವರು ಗೆದ್ದರು. ಪಂದ್ಯ 4-1ರಲ್ಲಿ ಯಂತ್ರದ ಪಾಲಾಯಿತು. ಆಲ್ಫಾಗೋಗೆ "ನಮಸ್ಕಾರ" ಎನ್ನಲೂ ಬರುವುದಿಲ್ಲ. ಅದಕ್ಕೇ ಅದು ಯೋಚಿಸುತ್ತದೆ ಎಂದು ಹೆಚ್ಚಿನವರಿಗೆ ಅನ್ನಿಸಲಿಲ್ಲ. ನಮ್ಮನ್ನು ಮೆಚ್ಚಿಸುವಂತೆ ಮಾತಾಡುವ ಯಂತ್ರ ಬಂದಾಗ ಮಾತ್ರ ಪುರವಣಿಗಳಲ್ಲಿ ಈ ಪ್ರಶ್ನೆ ಇಷ್ಟು ಜೋರಾಗಿ ಎದ್ದಿತು. ನಮ್ಮ ಕಿವಿ ನಮ್ಮನ್ನು ಎಲ್ಲಿಗೆ ಎಳೆಯುತ್ತಿದೆ ಎಂಬುದಕ್ಕೆ ಇಷ್ಟು ಸಾಕು.

ಇದೆಲ್ಲ ಸುಮ್ನೆ ವಾದಕ್ಕಾಗಿ ಬರೆಯುತ್ತಿಲ್ಲ. ಮಾತನ್ನೇ ಬುದ್ಧಿ ಎಂದು ಎಣಿಸಿದ್ದರಿಂದ ಆಗುವ ನೋವನ್ನು ಹತ್ತಿರದಿಂದ ನೋಡುತ್ತೇನೆ. ಹಾಸಿಗೆಯ ಪಕ್ಕದಲ್ಲೇ ನಿಂತು ನೆಂಟರು "ಪಾಪ, ಅವರಿಗೇನೂ ಗೊತ್ತಾಗಲ್ಲ" ಎನ್ನುತ್ತಾರೆ. ಮಲಗಿದವರ ಕಣ್ಣಲ್ಲಿ ನೀರು ಬಂದರೆ "ನೋಡಿ, ಸುಮ್ಸುಮ್ನೆ ಅಳ್ತಾರೆ" ಎನ್ನುತ್ತಾರೆ. ಬುದ್ಧಿಶಕ್ತಿ ನೋಡಲು ಆಸ್ಪತ್ರೆಗಳಲ್ಲಿ ಬಳಸುವ, 1975ರಲ್ಲಿ ರೂಪಿಸಿದ ಒಂದು ಹೆಸರಾಂತ ಪರೀಕ್ಷೆ ಇದೆ, 30 ಅಂಕದ್ದು. ಇವತ್ತು ಯಾವ ವಾರ, ಮೂರು ವಸ್ತುವಿನ ಹೆಸರು ನೆನಪಿಟ್ಟು ಹೇಳಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಒಂದು ವಾಕ್ಯ ಬರೆಯಿರಿ. ಹೆಚ್ಚಿನವಕ್ಕೆ ಮಾತು ಬೇಕು. ಮಾತು ಹೋದವರಿಗೆ ಸಿಗುವ ಅಂಕ ನೋಡಿದರೆ ಬುದ್ಧಿಯೇ ಹೋಗಿದೆ ಅನ್ನಿಸುತ್ತದೆ. ತಿಳಿದ ವೈದ್ಯರು ಈ ಅಂಕವನ್ನು ಹಾಗೆ ಓದುವುದಿಲ್ಲ. ಅವಸರದಲ್ಲಿ ಓದುವವರೂ ಇದ್ದಾರೆ.

ಈಗ ಇದಕ್ಕೆ ಮಾತಿನ ಯಂತ್ರಗಳೂ ಸೇರಿವೆ. ಮೊದಲು ಕೌಂಟರಿನಲ್ಲಿ ಮನುಷ್ಯರಿದ್ದರು. ಚೀಟಿ ತೋರಿಸಬಹುದಿತ್ತು, ಕೈಸನ್ನೆ ಮಾಡಬಹುದಿತ್ತು. ಈಗ ಫೋನಿನಲ್ಲಿ ಯಂತ್ರದ ದನಿ: ನಿಮ್ಮ ಸಮಸ್ಯೆಯನ್ನು ಹೇಳಿ. ನನ್ನ ಬಳಿ ಬರುವ ಒಬ್ಬರು ತಮ್ಮ ಪಿಂಚಣಿ ವಿಷಯಕ್ಕೆ ಒಂದು ಕಚೇರಿಗೆ ನನ್ನ ಎದುರೇ ಫೋನ್ ಮಾಡಿದರು. "ಪಿ... ಪಿ..." ಎನ್ನುವಷ್ಟರಲ್ಲಿ, ಕ್ಷಮಿಸಿ, ಅರ್ಥವಾಗಲಿಲ್ಲ ಎಂದಿತು. ಮತ್ತೆ ಅದೇ. ಆಮೇಲೆ ಕರೆ ಕತ್ತರಿಸಿತು. ಲೆಕ್ಕಪತ್ರದ ಕೆಲಸದಲ್ಲಿ ಬದುಕು ಕಳೆದವರು ಅವರು. ತಮಗೆ ಎಷ್ಟು ಕಡಿಮೆ ಬಂದಿದೆ ಎಂದು ಹಾಳೆಯ ಮೇಲೆ ಅಂಕಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ನನಗೆ ತೋರಿಸಿದ್ದರು. ಆ ಹಾಳೆಯನ್ನು ನೋಡಲು ಫೋನಿನ ಆ ಕಡೆ ಯಾರೂ ಇರಲಿಲ್ಲ.

ನಿಮ್ಮ ಲೇಖಕರಿಗೆ ನನ್ನದೊಂದು ಪ್ರಶ್ನೆ. ಅವರು ಯೋಚನೆಗೆ ಒಂದು ಪರೀಕ್ಷೆ ಸೂಚಿಸಲಿ. ಆ ಪರೀಕ್ಷೆಯಲ್ಲಿ ಈ ಲೆಕ್ಕದವರು ಪಾಸಾಗಬೇಕು, ಶೆಬಾಲಿನ್ ಪಾಸಾಗಬೇಕು, 1966ರ ಎಲೈಝಾ ಫೇಲಾಗಬೇಕು. ಇವತ್ತಿನ ಯಂತ್ರವನ್ನು ಅದರಲ್ಲಿ ಕೂರಿಸಿ ಫಲಿತಾಂಶ ಏನು ಬಂದರೂ ನಾನು ಒಪ್ಪಿಕೊಳ್ಳುತ್ತೇನೆ. ನನ್ನ ಕಡೆಯಿಂದ ಒಂದು ಸುಳಿವು: ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿದೆಯೇ ಎಂದು ನೋಡಲಿ. ಮುಂದಿನ ಪದ ಸಿದ್ಧವಾಗಿದ್ದರೂ, ಎದುರಿಗೆ ಇರುವುದು ಮೂರೇ ಪೆನ್ಸಿಲ್ ಎಂದು ಕಂಡು, ನಾಲ್ಕು ಎನ್ನದೆ ನಿಲ್ಲುತ್ತದೆಯೇ? 'ಗಳಿಮೆ' ಎಂಬ ಪದ ಎದುರಾದಾಗ, ಇದು ನನಗೆ ತಿಳಿಯಲಿಲ್ಲ ಎಂದು ನಿಲ್ಲುತ್ತದೆಯೇ?

ಓದುಗರಲ್ಲಿ ಯಾರ ಮನೆಯಲ್ಲಾದರೂ ಮಾತು ಹೋದವರಿದ್ದರೆ ಅವರಿಗೂ ಎರಡು ಮಾತು. ಹೌದು, ಇಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೆಲವರಿಗೆ ಹೌದು ಮತ್ತು ಇಲ್ಲ ಎರಡೂ ಅದಲುಬದಲಾಗುತ್ತವೆ, ಅದಕ್ಕೆ ಅದನ್ನೇ ಇನ್ನೊಂದು ರೀತಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಪೆನ್ನು ಹಾಳೆ ಪಕ್ಕದಲ್ಲಿಡಿ, ಎಡಗೈಯಲ್ಲಿ ಗೀಚಿದರೂ ಸಾಕು. ಪದ ಹುಡುಕುತ್ತಿದ್ದಾಗ ನೀವೇ ಪೂರ್ತಿ ಮಾಡಬೇಡಿ, ಕಾಯಿರಿ. ಟಿವಿ ಆರಿಸಿ. ದನಿ ಎತ್ತರಿಸಬೇಡಿ, ಅವರಿಗೆ ಕಿವಿ ಕೇಳುತ್ತದೆ. ಅವರ ಚಿಕಿತ್ಸೆ, ಅವರ ಹಣ, ಅವರ ಮನೆ, ಇವುಗಳ ತೀರ್ಮಾನವನ್ನು ಅವರನ್ನು ಕೇಳಿ, ಅವರ ಎದುರಿಗೇ ಮಾಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳಾದ ಒಬ್ಬ ಸ್ಪೀಚ್ ಥೆರಪಿಸ್ಟ್